ಸೇಂಟ್ ಮಾರ್ಕ್ಸ್ ಚರ್ಚು ಮತ್ತು ದಂಡು ಪ್ರದೇಶದ ಹಳೆಯ ಸಮಾಧಿಗಳು

ಪ್ರಶ್ನೆ: ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನ ಇತಿಹಾಸವನ್ನೂ ದಂಡು ಪ್ರದೇಶದ (ಕಂಟೋನ್ಮೆಂಟ್) ಹಳೆಯ ಸಮಾಧಿಗಳ ಬರಹಗಳನ್ನೂ ಅಭ್ಯಾಸ ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸುವುದು ಸೂಕ್ತ?

ಉತ್ತರ 1: ಕಟ್ಟಡದಿಂದಲೇ ಆರಂಭಿಸಿ. 1808ರಲ್ಲಿ ಕೆಲಸ ಆರಂಭವಾಗಿ 1812ರಲ್ಲಿ ಪೂರ್ಣಗೊಂಡ, 1816ರಲ್ಲಿ ಪ್ರತಿಷ್ಠಾಪನೆಗೊಂಡ ಈ ಚರ್ಚು 1923ರ ಬೆಂಕಿಯಲ್ಲಿ ತೀವ್ರವಾಗಿ ಹಾಳಾಗಿ, 1927ರಲ್ಲಿ ಮತ್ತೆ ಎದ್ದುನಿಂತಿತು. ಆದ್ದರಿಂದ ಇಂದು ಕಾಣುವುದೆಲ್ಲವೂ ಮೊದಲ ಕಟ್ಟಡದ್ದೆಂದು ಭಾವಿಸಬಾರದು.

ಉತ್ತರ 2: ಸಮಾಧಿಗಳ ಬಗ್ಗೆ ಒಂದು ವಿನಂತಿ. ಸವೆದ ಅಕ್ಷರಗಳ ಮೇಲೆ ದಯವಿಟ್ಟು ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಕೆಡುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದರೆ ಅಕ್ಷರದ ನೆರಳು ಸ್ಪಷ್ಟವಾಗಿ ಮೂಡುತ್ತದೆ. ನಮ್ಮ ಮುತ್ತಜ್ಜಿಯ ಸಮಾಧಿಯ ಬರಹವನ್ನು ನಾನು ಓದಿದ್ದು ಹೀಗೆಯೇ.

ಉತ್ತರ 3: ಕಲ್ಲೇ ಉಳಿದಿರದಿದ್ದರೆ, ಬೆಂಗಳೂರಿನವೂ ಸೇರಿದಂತೆ ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದ ಚರ್ಚುಗಳ ಸಮಾಧಿ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.