ಚರ್ಚಲ್ಲಿ ನ್ಯಾಯದ ಮಾತೆತ್ತಿದ್ರೆ "ರಾಜಕೀಯ ತರಬೇಡಿ" ಅಂತಾರೆ, ನಮ್ಮ ವಿಶ್ವಾಸ ನಿಜವಾಗ್ಲೂ ಏನು ಹೇಳುತ್ತೆ?

ಕೆಜಿಎಫ್_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್ ಕಡೆಯೋನು, ಈಗ ಬೆಂಗಳೂರಲ್ಲಿ ಕೆಲಸ, ಇಲ್ಲೇ ಒಂದು ಚರ್ಚ್ ಸಭೆಗೆ ಹೋಗ್ತೀನಿ, ಯಾವುದು ಅಂತ ಬೇಡ. ನಮ್ಮ ಸಭೇಲಿ ರಸ್ತೆ ಗುಡಿಸೋ, ಆಟೋ ಟಿಪ್ಪರ್‌ಗೆ ಕಸ ತುಂಬೋ ಕೆಲಸದ ಕುಟುಂಬಗಳು ಕೆಲವಿವೆ, ಎಲ್ಲ ಕಾಂಟ್ರ್ಯಾಕ್ಟ್ ಮೇಲೆ. ಒಬ್ಬ ಅಕ್ಕ ಭಾನುವಾರಾನೂ ಬೆಳಿಗ್ಗೆ ಗುಡಿಸಿ ಮುಗಿಸಿ ನೇರ ಆರಾಧನೆಗೆ ಬರ್ತಾರೆ, ಡ್ಯೂಟಿ ಕೋಟನ್ನ ಮಡಚಿ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡು ಬಾಗಿಲ ಪಕ್ಕದ ಕೊನೇ ಬೆಂಚಲ್ಲಿ ಕೂರ್ತಾರೆ, ಮುಂದೆ ಬನ್ನಿ ಅಂದ್ರೂ ಬರಲ್ಲ. ಇವರಿಗೆ ತಿಂಗಳುಗಟ್ಲೆಯಿಂದ ಸಂಬಳ ಸರಿಯಾಗಿ ಬಂದಿಲ್ಲ, ಪಿಎಫ್ ಕಟ್ಟಿದ್ದಾರೋ ಇಲ್ವೋ ಅದೂ ಗೊತ್ತಿಲ್ಲ. ಧರಣಿ ಕೂತಿದ್ರು.

ನಾವು ಯೂತ್ ಫೆಲೋಶಿಪ್‌ನೋರು ಹೋಗಿ ಅವರ ಜೊತೆ ಕೂರೋಣ, ಭಾನುವಾರದ ಪ್ರಾರ್ಥನೇಲೂ ಈ ವಿಷಯ ತರೋಣ ಅಂದ್ವಿ. ಕಮಿಟಿಯೋರು ಅಕ್ಕಿ ಬೇಳೆ ಕಿಟ್ ಕೊಡೋಣ, ಅದಕ್ಕೆ ಎಷ್ಟು ಬೇಕಾದ್ರೂ ದುಡ್ಡು ಎತ್ತೋಣ, ಆದ್ರೆ ಧರಣಿ ಎಲ್ಲ ರಾಜಕೀಯ, ದೇವರ ಮನೆಗೆ ತರಬೇಡಿ ಅಂತ ಹೇಳಿ ಮಾತು ಮುಗಿಸಿದ್ರು. ಕಿಟ್ ಕೊಟ್ವಿ ಕೂಡ. ಆ ಅಕ್ಕ ಕಿಟ್ ಇಸ್ಕೊಂಡು "ತಮ್ಮಾ ಇದು ಸರಿ, ನನ್ನ ಸಂಬಳದ ಕಥೆ ಏನು" ಅಂದ್ರು, ನಂಗೆ ಬಾಯಿ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಇವರ ಪಕ್ಕ ನಿಲ್ಲು ಅಂತ ನಮ್ಮ ವಿಶ್ವಾಸಾನೇ ಹೇಳುತ್ತಾ, ಇಲ್ಲ ನಾವು ಹೊರಗಿನ ವಿಚಾರ ತಂದು ಬೈಬಲ್‌ಗೆ ಅಂಟಿಸ್ತಾ ಇದ್ದೀವಾ? ಬಡವರ ನ್ಯಾಯದ ಬಗ್ಗೆ ಇರೋ ಬೈಬಲ್ ವಚನಗಳು ಗೊತ್ತು, ಆಮೋಸ, ಮೀಕ, ಮತ್ತಾಯ 25 ಎಲ್ಲ ಓದಿದ್ದೀನಿ. ನಿಜವಾಗ್ಲೂ ಹಂಗೆ ಬದುಕಿದವರು ಏನು ಮಾಡಿದ್ರು ಅಂತ ಗೊತ್ತಿರೋರು ದಯವಿಟ್ಟು ಬರೀರಿ.

ಕಡಲತಡಿ

ತಮ್ಮಾ, ನಿನ್ನ ಪ್ರಶ್ನೆ ಓದಿದ ತಕ್ಷಣ ನಂಗೆ ನೆನಪಾಗಿದ್ದು ಮಧ್ಯ ಅಮೆರಿಕಾದ ಎಲ್ ಸಾಲ್ವಡಾರ್ ದೇಶದ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಆಸ್ಕರ್ ರೊಮೆರೋ. ಸಂತ ಅಂತ ಪಟ ಹಾಕಿ ಹೂ ಏರಿಸಿಬಿಡ್ತೀವಿ, ಆದ್ರೆ ಅವರು ದಿನಾ ಏನು ಮಾಡ್ತಿದ್ರು ಅನ್ನೋದನ್ನ ನಾವು ಕ್ಯಾಥೊಲಿಕರೇ ಸರಿಯಾಗಿ ಹೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

1977ರ ಫೆಬ್ರವರಿಲಿ ಅವರನ್ನ ಆರ್ಚ್‌ಬಿಷಪ್ ಮಾಡಿದಾಗ ದೊಡ್ಡ ಜಮೀನ್ದಾರರಿಗೆಲ್ಲ ಸಮಾಧಾನ, ಯಾಕಂದ್ರೆ ಇವರು ಪುಸ್ತಕ, ಪ್ರಾರ್ಥನೆ ಅಂತ ಇರೋ ಸಂಪ್ರದಾಯದ ಮನುಷ್ಯ, ಗಲಾಟೆಗೆ ಬರಲ್ಲ ಅನ್ನೋ ನಂಬಿಕೆ. ಆ ದೇಶದಲ್ಲಿ ಆಗ ಕಾಫಿ, ಕಬ್ಬು, ಹತ್ತಿ ಬೆಳೆಯೋ ಭೂಮಿ ಬೆರಳೆಣಿಕೆ ಕುಟುಂಬಗಳ ಕೈಲಿ, ದುಡಿಯೋರು ಸಂಘ ಕಟ್ಟಿದ್ರೆ ರಾತ್ರಿ ಬಂದು ಎತ್ಕೊಂಡು ಹೋಗೋರು. ಅವರ ಗೆಳೆಯ, ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿ ರುತೀಲಿಯೋ ಗ್ರಾಂದೆ, ಅಗಿಲಾರೆಸ್ ಅನ್ನೋ ಕಡೆ ಕಬ್ಬಿನ ಕೂಲಿಯೋರ ಜೊತೆ ಶುಭಸಂದೇಶ ಓದ್ತಾ ಇದ್ರು. ಅದೇ ವರ್ಷ ಮಾರ್ಚ್ 12ಕ್ಕೆ ಪೂಜೆಗೆ ಅಂತ ಹೋಗ್ತಿರೋವಾಗ ದಾರೀಲಿ ಗುಂಡಿಟ್ಟು ಕೊಂದ್ರು, ಜೊತೆಗಿದ್ದ ಒಬ್ಬ ಮುದುಕನ್ನ, ಒಬ್ಬ ಹುಡುಗನ್ನೂ ಬಿಡಲಿಲ್ಲ. ರೊಮೆರೋ ಆ ರಾತ್ರಿ ಹೋಗಿ ಮೂರು ಹೆಣ ನೋಡಿದ್ರು. ಆಮೇಲೆ ಇದರ ತನಿಖೆ ಆಗೋ ತನಕ ಸರ್ಕಾರದ ಯಾವ ಸಮಾರಂಭಕ್ಕೂ ಬರಲ್ಲ ಅಂದ್ರು, ಮುಂದಿನ ಭಾನುವಾರ ಇಡೀ ಧರ್ಮಪ್ರಾಂತ್ಯದಲ್ಲಿ ಬೇರೆ ಪೂಜೆಗಳನ್ನೆಲ್ಲ ನಿಲ್ಲಿಸಿ ಕಥೀಡ್ರಲ್‌ನಲ್ಲಿ ಒಂದೇ ಬಲಿಪೂಜೆ ಇಟ್ರು. ಸುಮಾರು ಒಂದು ಲಕ್ಷ ಜನ ಸೇರಿದ್ರು ಅಂತಾರೆ. ಪೋಪ್ ಅವರ ಪ್ರತಿನಿಧಿಗೇ ಇದು ಇಷ್ಟ ಆಗಿರಲಿಲ್ಲ. ಅಂದ್ರೆ ನಿನ್ನ ಕಮಿಟಿ ಆಡಿದ ಮಾತು ಆರ್ಚ್‌ಬಿಷಪ್‌ಗೂ ಕೇಳ್ಬೇಕಾಗಿ ಬಂದಿತ್ತು ನೋಡು.

ಇದಾದ ಮೇಲೆ ಮೂರು ವರ್ಷ ಪ್ರತಿ ಭಾನುವಾರ ಅವರ ಪ್ರಬೋಧನೆ ವೈಎಸ್‌ಎಎಕ್ಸ್ ಅನ್ನೋ ಚರ್ಚ್ ರೇಡಿಯೋದಲ್ಲಿ ಬರ್ತಿತ್ತು. ಮೊದಲು ಆ ದಿನದ ವಾಚನದ ವಿವರಣೆ, ಆಮೇಲೆ ಆ ವಾರ ಯಾರನ್ನ ಕೊಂದ್ರು, ಯಾರು ಕಾಣೆಯಾದ್ರು, ಯಾವ ಊರು, ಯಾವ ದಿನ, ಒಂದೊಂದೇ ಹೆಸರು ಹಿಡಿದು ಓದೋರು. ಸುಮ್ನೆ ಕೇಳಿದ ಸುದ್ದಿ ಅಲ್ಲ ಅದು, ಧರ್ಮಪ್ರಾಂತ್ಯದ ಕಾನೂನು ನೆರವು ಕಚೇರಿಗೆ ತಾಯಂದಿರು ಬಂದು ಹೇಳಿಕೆ ಕೊಡೋರು, ಅಲ್ಲಿ ಪರಿಶೀಲಿಸಿ ಕೊಟ್ಟಿದ್ದನ್ನ ಇವರು ಬಲಿಪೀಠದ ಮುಂದೆ ಓದೋರು. ಪೇಪರ್‌ಗಳಲ್ಲಿ ಬರದೇ ಇರೋ ಹೆಸರುಗಳು ಅವು. ಆ ರೇಡಿಯೋ ಸ್ಟೇಷನ್‌ಗೆ ಮತ್ತೆ ಮತ್ತೆ ಬಾಂಬ್ ಹಾಕಿದ್ರು ಅಂದ್ಮೇಲೆ ಹೆಸರು ಓದೋದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಮಾಡ್ಕೋ. 1980ರ ಮಾರ್ಚ್ 23ಕ್ಕೆ ಸೈನಿಕರಿಗೇ ನೇರವಾಗಿ ಹೇಳಿದ್ರು, ನೀವು ಕೊಲ್ತಿರೋದು ನಿಮ್ಮದೇ ರೈತ ಅಣ್ಣ ತಮ್ಮಂದಿರನ್ನ, ಕೊಲ್ಲಬೇಡ ಅನ್ನೋ ದೇವರ ಆಜ್ಞೆ ಮೇಲಧಿಕಾರಿಯ ಆಜ್ಞೆಗಿಂತ ದೊಡ್ಡದು ಅಂತ. ಮಾರನೇ ದಿನ ಸಾಯಂಕಾಲ, ತಾವು ವಾಸ ಇದ್ದ ಕ್ಯಾನ್ಸರ್ ಆಸ್ಪತ್ರೆಯ ಚಾಪೆಲ್‌ನಲ್ಲಿ ಪೂಜೆ ಮಾಡ್ತಿರೋವಾಗಲೇ ಗುಂಡು ಹೊಡೆದ್ರು. ಸಂತ ಅಂತ ಘೋಷಣೆ ಆಗಿದ್ದು 2018ರಲ್ಲಿ. ಅಷ್ಟು ವರ್ಷ ಯಾಕೆ ತಡ ಅಂದ್ರೆ ಚರ್ಚ್ ಒಳಗೇ ತುಂಬ ಜನಕ್ಕೆ ಅವರು ರಾಜಕೀಯಕ್ಕೆ ಸತ್ರೋ ವಿಶ್ವಾಸಕ್ಕೆ ಸತ್ರೋ ಅನ್ನೋ ಅನುಮಾನ.

ನಂಗೆ ಆ ಅನುಮಾನ ಇಲ್ಲ. ಪೂಜೆ ಬೇರೆ, ಜನರ ಸಂಕಟ ಬೇರೆ ಅಂತ ಅವರು ಯಾವತ್ತೂ ಇಡಲಿಲ್ಲ, ಅಷ್ಟೇ.

ಹಳೇಸಭೆ

ಮಗನೇ, ನಾನು ವಯಸ್ಸಾದವನು, ಸಭೆಯ ಹಿರಿಯನಾಗಿ ಬಹಳ ಕಾಲ ಸೇವೆ ಮಾಡಿದವನು. ನಿನ್ನ ಕಳಕಳಿ ಒಳ್ಳೇದು. ಆದ್ರೆ ನಿಮ್ಮ ಕಮಿಟಿಯವರಿಗೆ ಇರೋ ಭಯವನ್ನೂ ತಳ್ಳಿ ಹಾಕಬೇಡ. ಪ್ರಸಂಗಪೀಠದಿಂದ ಒಂದು ಸಲ ಈ ಥರ ಮಾತು ಶುರುವಾದ್ರೆ ನಾಳೆ ಎಲೆಕ್ಷನ್ ಟೈಮಲ್ಲಿ ಒಂದು ಪಾರ್ಟಿಯೋರು ಬಂದು ಮುಂದಿನ ಬೆಂಚಲ್ಲಿ ಕೂರ್ತಾರೆ, ಸಭೆ ಎರಡು ಭಾಗ ಆಗುತ್ತೆ. ಇವತ್ತಿನ ವಾತಾವರಣದಲ್ಲಂತೂ ಚಿಕ್ಕ ಸಮುದಾಯ ನಮ್ಮದು, ಯಾರ ಕಣ್ಣಿಗೆ ಬೀಳ್ತೀವೋ ಗೊತ್ತಿಲ್ಲ.

ಇನ್ನೊಂದು. ಬೈಬಲ್ ಹಿಡಿದು ಸಮಾಜದ ವಿಷಯಕ್ಕೆ ಇಳಿದವರೆಲ್ಲ ನ್ಯಾಯದ ಕಡೆಗೇ ಇಳಿದ್ರಾ? ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಗೆ ಬೈಬಲ್ ಆಧಾರ ಕೊಟ್ಟಿದ್ದೇ ಡಚ್ ರಿಫಾರ್ಮ್ಡ್ ಚರ್ಚ್. ಅದಕ್ಕೇ ನಾನು ಹೇಳೋದು, ಸಭೆ ಪ್ರಾರ್ಥನೆ ಮಾಡ್ಲಿ, ಹಸಿದೋರಿಗೆ ಕೊಡಲಿ, ಒಬ್ಬೊಬ್ಬ ವಿಶ್ವಾಸಿ ತನ್ನ ಮನಸ್ಸಾಕ್ಷಿ ಪ್ರಕಾರ ಹೋರಾಟಕ್ಕೆ ಹೋಗ್ಲಿ. ಸಭೆಯ ಹೆಸರು ಬೇಡ.

ಕೊನೇಬೆಂಚು

ಹಿರಿಯರೇ, ದಕ್ಷಿಣ ಆಫ್ರಿಕಾದ ಮಾತು ನೀವೇ ತೆಗೆದಿದ್ದು ಒಳ್ಳೇದಾಯ್ತು. ನಾನು ದೇವಶಾಸ್ತ್ರ ಓದ್ತಾ ಇರೋ ವಿದ್ಯಾರ್ಥಿ, ದಲಿತ ಕುಟುಂಬದೋನು, ಆ ಚರಿತ್ರೆ ಓದಿದಾಗ ನಮ್ಮೂರ ಕಥೆ ಓದಿದಂಗೆ ಆಗಿತ್ತು. ಆ ಚರ್ಚ್ ಒಂದೇ ದಿನದಲ್ಲಿ ವರ್ಣಭೇದಕ್ಕೆ ಬರಲಿಲ್ಲ. 1857ರಲ್ಲಿ ಅವರ ಸಿನಡ್, ಅಂದ್ರೆ ಚರ್ಚಿನ ಆಡಳಿತ ಮಹಾಸಭೆ ಸೇರಿ, ಎಲ್ಲರೂ ಒಟ್ಟಿಗೆ ಕರ್ತನ ಭೋಜನ (ಆರಾಧನೆಯ ರೊಟ್ಟಿ, ದ್ರಾಕ್ಷಾರಸ) ತಗೊಳ್ಳೋದೇ ವಾಕ್ಯಕ್ಕೆ ಸರಿ, ಆದ್ರೆ ಕೆಲವರ ಬಲಹೀನತೆ ಇದೆ, ಅವರಿಗೋಸ್ಕರ ಬಿಳಿಯರಲ್ಲದವರಿಗೆ ಬೇರೆ ಕಡೆ ಆರಾಧನೆ ಇಡಬಹುದು ಅಂತ ಒಪ್ಕೊಳ್ತು. ಬಲಹೀನರು ಅಂದ್ರೆ ಯಾರು, ಪಕ್ಕದಲ್ಲಿ ಕೂರೋಕೆ ಆಗದ ಬಿಳಿಯರು. 1881ಕ್ಕೆ ಬೇರೆ ಚರ್ಚೇ ಆಯ್ತು. 1948ರಲ್ಲಿ ಸರ್ಕಾರ ವರ್ಣಭೇದ ತಂದಾಗ ಚರ್ಚಲ್ಲಿ ಮಾದರಿ ರೆಡಿ ಇತ್ತು. ಅಂದ್ರೆ ಅಲ್ಲಿ ಎಡವಟ್ಟು ಶುರುವಾಗಿದ್ದು ಸಭೆ ಬೀದಿಗೆ ಇಳಿದಿದ್ದರಿಂದ ಅಲ್ಲ, ಪಂಕ್ತಿಯಲ್ಲಿ ಭೇದ ಮಾಡಿದ್ದರಿಂದ. ಮತ್ತೆ ಅದನ್ನ ವಿರೋಧಿಸಿದೋರೂ ವಿಶ್ವಾಸದಿಂದಲೇ ವಿರೋಧಿಸಿದ್ರು. ಅದೇ ಬೇರೆ ಹಾಕಿದ ಚರ್ಚಿನ ಜನ 1982ರಲ್ಲಿ ಬೆಲ್ಹಾರ್ ಅನ್ನೋ ಊರಲ್ಲಿ ಒಂದು ವಿಶ್ವಾಸ ಪ್ರಮಾಣದ ಕರಡು ಬರೆದ್ರು, 1986ರಲ್ಲಿ ಅದನ್ನ ತಮ್ಮ ಚರ್ಚಿನ ಪ್ರಮಾಣ ಅಂತ ಸ್ವೀಕಾರ ಮಾಡಿದ್ರು. ಅದರಲ್ಲಿ ದೇವರು ಬಡವರ, ಅನ್ಯಾಯಕ್ಕೆ ಒಳಗಾದವರ ದೇವರು, ಸಭೆ ಅವರ ಪಕ್ಕ ನಿಲ್ಲಬೇಕು ಅಂತ ನೇರವಾಗೇ ಇದೆ. ಪಾರ್ಟಿ ಪ್ರಣಾಳಿಕೆ ಅಲ್ಲ ಅದು, ನಾವು ಅಪೊಸ್ತಲರ ಪ್ರಮಾಣ ಹೇಳ್ತೀವಲ್ಲ ಆ ಸಾಲಿನದು.

ಈಗ ನಮ್ಮಲ್ಲಿಗೆ ಬರೋಣ. ನಮ್ಮ ದೇಶದ ಎಷ್ಟೋ ಸಭೆಗಳಲ್ಲಿ ಇವತ್ತಿಗೂ ಬೇರೆ ಸಮಾಧಿ ಜಾಗ, ಬೇರೆ ಸಾಲು, ಮದುವೆ ಸಂಬಂಧ ಅಂದ್ರೆ ಮೊದಲು ಜಾತಿ. 1950ರ ರಾಷ್ಟ್ರಪತಿ ಆದೇಶದಿಂದ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿ ಸ್ಥಾನ ಇಲ್ಲ, 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು, ನಮ್ಮನ್ನ ಬಿಟ್ರು, ಅದಕ್ಕೆ ಚರ್ಚ್ ನಾಯಕರು ದೆಹಲಿವರೆಗೂ ಮನವಿ ಕೊಡ್ತಾರೆ, ಕೊಡಬೇಕು ಕೂಡ. ಆದ್ರೆ ಅದೇ ನಾಯಕರ ಸಭೇಲಿ ಕಸ ಗುಡಿಸೋ ಅಕ್ಕ ಕೊನೇ ಬೆಂಚಿಂದ ಮುಂದೆ ಬರಲ್ಲ ಅಂದ್ರೆ ಯಾಕೆ ಅಂತ ಯಾರೂ ಕೇಳಲ್ಲ. ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲಿ.

ತಮ್ಮಾ ಕೆಜಿಎಫ್, ಹೊರಗಿನ ವಿಚಾರನಾ ಅಂತ ಕೇಳಿದ್ದೀಯ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಲ್ಲಿ ಅರವಿಂದ ನಿರ್ಮಲ್ ಅನ್ನೋ ದೇವಶಾಸ್ತ್ರಜ್ಞರು ಒಂದು ಭಾಷಣ ಮಾಡಿದ್ರು, ದಲಿತ ದೇವಶಾಸ್ತ್ರ ಅಲ್ಲಿಂದ ಶುರು ಅಂತ ಹೇಳ್ತೀವಿ. ಅವರ ವಾದ ಏನಂದ್ರೆ ಇಲ್ಲಿನ ಕ್ರೈಸ್ತ ಚಿಂತಕರು ವೇದಾಂತದ ಭಾಷೇಲೇ ಯೇಸುವನ್ನ ಹೇಳ್ಕೊಂಡು ಬಂದ್ರು, ಲ್ಯಾಟಿನ್ ಅಮೆರಿಕಾದ ವಿಮೋಚನಾ ದೇವಶಾಸ್ತ್ರದವರು ಬಡತನ ನೋಡಿದ್ರು ಆದ್ರೆ ಜಾತಿ ಅವರಿಗೆ ಕಾಣಲ್ಲ, ಇಲ್ಲಿ ಸಭೇಲಿ ಬಹುಪಾಲು ಇರೋ ದಲಿತರ ನೋವಿಗೆ ಎರಡರಲ್ಲೂ ಜಾಗ ಇಲ್ಲ. ಅವರು ಧರ್ಮೋಪದೇಶಕಾಂಡ 26 ಹಿಡಿದ್ರು, ನನ್ನ ಮೂಲಪಿತೃ ಅಲೆಮಾರಿ, ನಾವು ಕೂಗಿಕೊಂಡ್ವಿ, ಕರ್ತನು ನಮ್ಮ ಕಷ್ಟ ನೋಡಿದ ಅಂತ ಬರುತ್ತಲ್ಲ. ಇಸ್ರೇಲರ ವಿಶ್ವಾಸದ ಮಾತು ಶುರುವಾಗೋದೇ ಬಿಟ್ಟಿ ದುಡಿಮೆಯಿಂದ ಬಿಡಿಸಿದ ದೇವರಿಂದ. ಇದಕ್ಕೆ ಹೊರಗಿಂದ ಏನೂ ಅಂಟಿಸಬೇಕಾಗಿಲ್ಲ.

ಮತ್ತೆ ನೀನು ಕೆಜಿಎಫ್‌ನೋನು, ಬೆಜವಾಡ ವಿಲ್ಸನ್ ಅವರನ್ನ ಮರೆತುಬಿಟ್ಯಾ?

ಕೆಜಿಎಫ್_ಹುಡುಗ

ಮರೆತಿಲ್ಲ ಅಣ್ಣಾ. ಅವರ ಊರಿನವನು ಅಂತ ಹೇಳ್ಕೊಳ್ಳೋಕೆ ಹೆಮ್ಮೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ವಿಲ್ಸನ್ ಅವರು ಹುಟ್ಟಿದ್ದು ಕೆಜಿಎಫ್‌ನಲ್ಲಿ, ಮನೆಯವರು ಮಲ ಹೊರೋ ಕೆಲಸದಲ್ಲಿದ್ದ ದಲಿತ ಕ್ರೈಸ್ತ ಕುಟುಂಬ. ಚಿನ್ನದ ಗಣಿ ಕಾಲೋನಿಗಳಲ್ಲಿ ಒಣ ಪಾಯಖಾನೆ ಇದ್ವು, ಬಕೆಟ್ ತುಂಬಿ ತಲೆ ಮೇಲೆ ಹೊತ್ತು ಸಾಗಿಸಬೇಕು. ಅವರು ಪತ್ರ ಬರೆದು, ಫೋಟೋ ತೆಗೆದು, ಬೆನ್ನು ಬಿದ್ದು ಅದನ್ನ ನಿಲ್ಲಿಸೋಕೆ ಹೋರಾಡಿದ್ರು, ಆಮೇಲೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2014ರಲ್ಲಿ ಮ್ಯಾನ್‌ಹೋಲ್‌ನಲ್ಲಿ ಸತ್ತವರ ಮನೆಗೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಇವರ ಆಂದೋಲನದ ಕೇಸಲ್ಲೇ, 2023ರಲ್ಲಿ ಇನ್ನೊಂದು ಕೇಸಲ್ಲಿ ಅದು 30 ಲಕ್ಷ ಆಯ್ತು. ಅಷ್ಟಾದ್ರೂ ಜನ ಇನ್ನೂ ಒಳಗಿಳಿದು ಸಾಯ್ತಾನೇ ಇದ್ದಾರೆ.

ಕಡಲತಡಿ ಅಕ್ಕಾ, ಹೆಸರು ಓದೋ ವಿಷಯ ನನ್ನ ತಲೇಲಿ ಕೂತುಬಿಡ್ತು. ನಮ್ಮ ಸಭೇಲಿ ಕಾಯಿಲೆ ಇರೋರ ಹೆಸರು, ಎಕ್ಸಾಮ್ ಬರೆಯೋ ಮಕ್ಕಳ ಹೆಸರು, ವೀಸಾಗೆ ಕಾಯ್ತಿರೋರ ಹೆಸರು ಎಲ್ಲ ಹೇಳಿ ಪ್ರಾರ್ಥನೆ ಮಾಡ್ತೀವಿ. ಸಂಬಳ ಸಿಗದೋರ ಹೆಸರು ಹೇಳಿದ್ರೆ ಮಾತ್ರ ಅದು ಹೆಂಗೆ ರಾಜಕೀಯ ಆಗುತ್ತೆ? ಹಳೇಸಭೆ ಅಂಕಲ್, ಇದಕ್ಕೆ ನೀವು ಉತ್ತರ ಹೇಳಿ, ನಿಜವಾಗ್ಲೂ ಕೇಳ್ತಿದ್ದೀನಿ.

ಹಳೇಸಭೆ

ಅದು ರಾಜಕೀಯ ಆಗಲ್ಲ ಮಗನೇ. ಆ ಪ್ರಾರ್ಥನೆಗೆ ನಾನೇ ಎದ್ದು ನಿಲ್ತೀನಿ. ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ಹಿಡಿದಿಟ್ಟುಕೊಂಡ ಕೂಲಿ ಕೂಗ್ತಾ ಇದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತ ಸ್ಪಷ್ಟವಾಗಿ ಬರೆದಿದೆ, ಅದನ್ನ ಓದಿ ಪ್ರಾರ್ಥಿಸಿದ್ರೆ ಯಾವ ಕಮಿಟಿನೂ ಏನೂ ಹೇಳೋಕಾಗಲ್ಲ. ಆದ್ರೆ ಸಭೆಯ ಹೆಸರಿನ ಬ್ಯಾನರ್ ಹಿಡಿದು ಧರಣಿಗೆ ಹೋಗೋ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಾರ್ಮಿಕ_ಮಿತ್ರ

ನಾನು ಕ್ರೈಸ್ತ ಅಲ್ಲ, ಕಾಂಟ್ರ್ಯಾಕ್ಟ್ ಕಾರ್ಮಿಕರ ಜೊತೆ ಕೆಲಸ ಮಾಡ್ತೀನಿ. ನಿಮ್ಮ ಚರ್ಚೆ ಪೂರ್ತಿ ಓದ್ದೆ. ಧರಣಿಗೆ ಧರ್ಮದೋರು ಬಂದಾಗ ನಮಗೆ ಆಗೋ ಕಷ್ಟ ಒಂದೇ, ಅವರು ಬಂದು ಮೈಕ್ ಹಿಡೀತಾರೆ, ಫೋಟೋ ತೆಗೀತಾರೆ, ಮಧ್ಯಾಹ್ನಕ್ಕೆ ಹೋಗ್ತಾರೆ. ಕೆಲವು ಸಿಸ್ಟರ್‌ಗಳು, ಪಾದ್ರಿಗಳು ಮಾತ್ರ ನೆಲದ ಮೇಲೆ ಕೂತು ಸಾಯಂಕಾಲದ ತನಕ ಇದ್ದು, ಮಾರನೇ ದಿನ ಲೇಬರ್ ಆಫೀಸ್‌ಗೂ ಜೊತೆಗೆ ಬಂದಿದ್ದನ್ನ ನಾನು ನೋಡಿದ್ದೀನಿ, ಅವರ ಮೇಲೆ ತುಂಬ ಗೌರವ ಇದೆ.

ಕೆಜಿಎಫ್_ಹುಡುಗ, ನಿಮ್ಮ ಹುಡುಗರ ಕೈಲಿ ಆಗೋ ಕೆಲಸ ಹೇಳ್ತೀನಿ. ಮೊದಲು ಆ ಅಕ್ಕನ್ನ, ಬೇರೆಯೋರನ್ನ ಕೇಳಿ, ಅವರಿಗೆ ಯೂನಿಯನ್ ಇದ್ಯಾ, ನಿಮ್ಮಿಂದ ಏನು ಬೇಕು ಅಂತ. ಹೆಸರು ಹೇಳಿ ಪ್ರಾರ್ಥನೆ ಮಾಡೋದಾದ್ರೂ ಅವರ ಒಪ್ಪಿಗೆ ಇರ್ಲಿ, ಯಾಕಂದ್ರೆ ಸೂಪರ್‌ವೈಸರ್ ಕಿವಿಗೆ ಬಿದ್ರೆ ಮಾರನೇ ದಿನ ಹಾಜರಿ ಹಾಕಲ್ಲ. ಕಾಂಟ್ರ್ಯಾಕ್ಟರ್ ಸಂಬಳ ಕೊಡದಿದ್ರೆ ಕೆಲಸ ಮಾಡಿಸ್ಕೊಳ್ಳೋ ಮೂಲ ಸಂಸ್ಥೆನೇ ಕೊಡಬೇಕು ಅಂತ ಕಾನೂನಲ್ಲಿದೆ, ಆದ್ರೆ ಇವರು ಅಲ್ಲಿ ಕೆಲಸ ಮಾಡಿದ್ರು ಅನ್ನೋಕೆ ದಾಖಲೆ ಬೇಕು, ಕಾಗದ ಇಲ್ಲದೆ ಎಷ್ಟೋ ಕೇಸ್ ಬಿದ್ದು ಹೋಗುತ್ತೆ. ನಿಮ್ಮ ಯೂತ್ ಗ್ರೂಪ್‌ನಲ್ಲಿ ಎಲ್ಲರಿಗೂ ಫೋನ್ ಇದೆ, ಓದು ಬರಹ ಬರುತ್ತೆ. ಒಬ್ಬೊಬ್ಬರು ಒಂದೊಂದು ಕುಟುಂಬದ ಜೊತೆ ಕೂತು ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಯಾವ ತಿಂಗಳು ಎಷ್ಟು ಬಂತು ಬರೆದಿಡಿ, ಯುಎಎನ್ (ಪಿಎಫ್ ಖಾತೆಯ ಗುರುತಿನ ನಂಬರ್) ಹಾಕಿ ಪಿಎಫ್ ಪಾಸ್‌ಬುಕ್ ತೆಗೀರಿ, ಚಿಕಿತ್ಸೆಗೆ ಬೇಕಾದ ಇಎಸ್‌ಐ ಕಾರ್ಡ್ ಚಾಲ್ತಿಯಲ್ಲಿದ್ಯಾ ನೋಡಿ, ಹಾಜರಿ ಪುಸ್ತಕದ ಫೋಟೋ ಸಿಕ್ಕಿದ್ರೆ ತೆಗೆದಿಟ್ಟುಕೊಳ್ಳಿ.

ಇದಕ್ಕೆ ಬ್ಯಾನರ್ ಬೇಡ, ಹಾಗಾಗಿ ಹಿರಿಯರ ಅಡ್ಡಿನೂ ಇರಲ್ಲ ಅನ್ಕೋತೀನಿ. ಒಂದು ಹಾಲ್ ಬೇಕಾಗುತ್ತೆ, ಆರಾಧನೆ ಮುಗಿದ ಮೇಲೆ ನಿಮ್ಮ ಚರ್ಚ್ ಹಾಲ್ ಕೊಡ್ತಾರಾ ಕೇಳಿ ನೋಡಿ. ಕಾಗದ ರೆಡಿ ಆದ್ಮೇಲೆ ಇಲ್ಲೇ ಬರೀರಿ, ಅರ್ಜಿ ಹೆಂಗೆ ಬರೆಯೋದು ಅಂತ ನಾನು ಹೇಳ್ತೀನಿ.