ಬಾಸ್ಕೆಟ್ಟಾ, ಸ್ಪೆಸಿಮನ್ನಾ? ಈ ಸೀಸನ್ ಆಡಿದವರು ದಯವಿಟ್ಟು ಅನುಭವ ಹೇಳಿ

ಹೊಸ ಮೆಂಟರ್:
ಎಲ್ಲರಿಗೂ ನಮಸ್ಕಾರ. ಶಾಲಾ ಮಕ್ಕಳ ರೋಬಾಟ್ ಸ್ಪರ್ಧೆ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ನಮ್ಮ ತಂಡಕ್ಕೆ ಇದು ಮೊದಲ ವರ್ಷ. ಮಕ್ಕಳು ಆರು ಜನ, ಮೆಂಟರ್ ಅಂತ ನಾನೊಬ್ಬನೇ. 2024ರ ಸೆಪ್ಟೆಂಬರ್ 7ಕ್ಕೆ 'ಇನ್‌ಟು ದಿ ಡೀಪ್' ಆಟ ಬಿಟ್ಟ ದಿನದಿಂದ ಮಕ್ಕಳಲ್ಲಿ ಎರಡು ಪಕ್ಷ. ಮೂವರಿಗೆ ಸ್ಯಾಂಪಲ್ (ಬಣ್ಣದ ಪ್ಲಾಸ್ಟಿಕ್ ತುಂಡು) ಎತ್ತಿ ಹೈ ಬಾಸ್ಕೆಟ್‌ಗೆ ಹಾಕೋ ಆಸೆ, ಒಂದಕ್ಕೆ 8 ಪಾಯಿಂಟ್. ಇನ್ನು ಮೂವರಿಗೆ ಸ್ಪೆಸಿಮನ್‌ನ, ಅಂದ್ರೆ ಕ್ಲಿಪ್ ಹಾಕಿದ ಸ್ಯಾಂಪಲ್‌ನ, ಹೈ ಚೇಂಬರ್ ಅನ್ನೋ ಕಂಬಿಗೆ ತೂಗಿಹಾಕೋ ಆಸೆ, ಒಂದಕ್ಕೆ 10. ನಮ್ಮ ಹತ್ತಿರ ಇರೋದು ಮೆಕಾನಂ (ಪಕ್ಕಕ್ಕೂ ಹೋಗೋ ಚಕ್ರದ) ಚಾಸಿ, ಮೇಲಕ್ಕೆ ಚಾಚೋ ಒಂದು ಜೊತೆ ಸ್ಲೈಡ್, ಹಿಡಿಯೋಕೆ ಒಂದು ಕ್ಲಾ. ಕ್ವಾಲಿಫೈಯರ್ ಟೂರ್ನಮೆಂಟ್‌ಗೆ ಐದೇ ವಾರ ಉಳಿದಿದೆ, ಎರಡೂ ಮಾಡೋಕಾಗಲ್ಲ. ಯಾವುದನ್ನ ಹಿಡೀಬೇಕು? ಆಟದ ಕೊನೇಲಿ ರೋಬಾಟ್ ಮೇಲಿನ ಕಂಬಿಗೆ ಹತ್ತೋ ಲೆವೆಲ್ 3ರ ಯೋಚನೆ ಈಗಲೇ ಬಿಡಬೇಕಾ?

ಲಿಫ್ಟ್ ಕ್ಯಾಪ್ಟನ್:
ಸರ್, ಬಾಸ್ಕೆಟ್. ಕಣ್ಣು ಮುಚ್ಚಿ ಬಾಸ್ಕೆಟ್. ಆದ್ರೆ ನಮಗೆ ಏನಾಯ್ತು ಅಂತ ಪೂರ್ತಿ ಹೇಳ್ತೀನಿ, ಯಾಕಂದ್ರೆ ನನಗೆ ಇನ್ನೂ ಹೊಟ್ಟೆ ಉರೀತಿದೆ.

ಹೈ ಬಾಸ್ಕೆಟ್‌ನ ಅಂಚು 43 ಇಂಚು ಎತ್ತರದಲ್ಲಿದೆ. ಶುರುವಿನಲ್ಲಿ ರೋಬಾಟ್ 18 ಇಂಚಿನ ಡಬ್ಬದೊಳಗೆ ಕೂರಬೇಕು. ಅಲ್ಲಿಂದ ಅಷ್ಟೆತ್ತರ ಹೋಗಬೇಕು ಅಂದ್ರೆ ಸ್ಲೈಡ್ ಮೇಲೆ ಸ್ಲೈಡ್, ಅದಕ್ಕೆಲ್ಲ ದಾರ. ನಾವು ದಾರ ಕಟ್ಟಿದ್ದು ಒಟ್ಟು ಹನ್ನೊಂದು ಸಲ. ಪ್ರತಿ ಸಲಕ್ಕೆ ನಲವತ್ತು ನಿಮಿಷ, ಇಬ್ಬರು ಹಿಡ್ಕೊಳ್ಳೋಕೆ, ಒಬ್ಬ ಗಂಟು ಹಾಕೋಕೆ. ದಾರ ಯಾಕೆ ಹರೀತಿದೆ ಅಂತ ಗೊತ್ತಾಗಿದ್ದು ಒಂಬತ್ತನೇ ಸಲ. ಎರಡನೇ ಹಂತದಲ್ಲಿ ಒಂದು ಸ್ಕ್ರೂ ತಲೆ ಉಗುರಿನಷ್ಟು ಹೊರಗೆ ಬಂದಿತ್ತು. ಲಿಫ್ಟ್ ಮೇಲೆ ಹೋದಾಗಲೆಲ್ಲ ದಾರ ಅದಕ್ಕೆ ಸವರಿಕೊಂಡೇ ಹೋಗ್ತಿತ್ತು. ಬೆರಳಿಂದ ಸವರಿ ನೋಡಿದ್ರೆ ಆ ಒಂದು ಜಾಗದಲ್ಲಿ ಮಾತ್ರ ಬೆಕ್ಕಿನ ಮೀಸೆ ಥರ ನಾರು ಎದ್ದಿತ್ತು. ಅದನ್ನ ಬಿಟ್ಟು ಎಂಟು ಸಲ ದಾರದ ಗುಣಮಟ್ಟಕ್ಕೆ ಬೈದಿದ್ವಿ.

ಕ್ವಾಲಿಫೈಯರ್‌ನ ನಾಲ್ಕನೇ ಮ್ಯಾಚಲ್ಲಿ ಅರ್ಧ ಆಟ ಇರುವಾಗ ಎಡಗಡೆ ದಾರ ಹೋಯ್ತು. ಬಲಗಡೆ ಮೋಟರ್ ಒಂದೇ ಎಳೆದು ಲಿಫ್ಟ್ ಸೊಟ್ಟಗೆ ಸಿಕ್ಕಿಹಾಕಿಕೊಂಡಿತು. ಆರು ಪಾಯಿಂಟ್‌ನಿಂದ ಸೋತೆವು. ಒಂದೇ ಒಂದು ಸ್ಯಾಂಪಲ್ ಬಿದ್ದಿದ್ರೆ ಗೆದ್ದಿದ್ವಿ.

ಇಷ್ಟಾದ್ರೂ ಬಾಸ್ಕೆಟ್ ಯಾಕೆ ಅಂದ್ರೆ ಆಟೋನಮಸ್, ರೋಬಾಟ್ ಬರೀ ಕೋಡ್ ಮೇಲೆ ಓಡೋ ಹೊತ್ತು. 0+4 ಮಾಡಿ, ಅಂದ್ರೆ ಸ್ಪೆಸಿಮನ್ ಸೊನ್ನೆ, ಸ್ಯಾಂಪಲ್ ನಾಲ್ಕು. ಮೊದಲ 30 ಸೆಕೆಂಡಲ್ಲಿ ನಾಲ್ಕು ಸ್ಯಾಂಪಲ್ ಬಿದ್ರೆ 32. ಅವು ಬಾಸ್ಕೆಟ್‌ನಲ್ಲೇ ಉಳಿದ್ರೆ ಟೆಲಿಆಪ್ (ಡ್ರೈವರ್ ಓಡಿಸೋ ಹೊತ್ತಿನ) ಲೆಕ್ಕದಲ್ಲಿ ಇನ್ನೊಂದು ಸಲ 32. ಡ್ರೈವರ್ ಜಾಯ್‌ಸ್ಟಿಕ್ ಮುಟ್ಟೋ ಮೊದಲೇ 64 ನಿಮ್ಮ ಕೈಲಿ.

ಚೇಂಬರ್ ಪಕ್ಷ:
ಕ್ಯಾಪ್ಟನ್ ಅವರೇ, ಆ 64ರ ಲೆಕ್ಕ ಎಲ್ಲರೂ ಹೇಳ್ತಾರೆ. ಅದೇ ಎರಡು ಸಲದ ಲೆಕ್ಕ ಸ್ಪೆಸಿಮನ್‌ಗೂ ಇದೆ ಅಂತ ಯಾರೂ ಹೇಳಲ್ಲ. ಆಟೋನಮಸ್‌ನಲ್ಲಿ ತೂಗಿಹಾಕಿದ ಒಂದೊಂದಕ್ಕೂ ಹತ್ತು ಮತ್ತೆ ಹತ್ತು. ನಾಲ್ಕು ಹಾಕಿದ್ರೆ 80.

ನಮ್ಮ ತಂಡದಲ್ಲಿ ಎಲ್ಲರೂ ಬಾಸ್ಕೆಟ್ ಬಾಸ್ಕೆಟ್ ಅಂತಿದ್ದಾಗ ನಾನೊಬ್ಬಳೇ ಸ್ಪೆಸಿಮನ್ ಅಂತ ಹಟ ಹಿಡಿದವಳು. ಎರಡು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಏನಾಯ್ತು? ಕ್ವಾಲಿಫೈಯರ್‌ಗೆ ಬಂದ ತಂಡಗಳಲ್ಲಿ ಮುಕ್ಕಾಲು ಪಾಲು ಬಾಸ್ಕೆಟ್ ರೋಬಾಟ್. ಒಂದು ಅಲಯನ್ಸ್‌ಗೆ, ಅಂದ್ರೆ ಜೊತೆಯಾಗಿ ಆಡೋ ಎರಡು ತಂಡಕ್ಕೆ, ಬಾಸ್ಕೆಟ್ ಇರೋದು ಒಂದೇ ಮೂಲೇಲಿ. ಇಬ್ಬರೂ ಬಾಸ್ಕೆಟ್‌ನವರೇ ಆದ್ರೆ ಒಬ್ಬ ಹಾಕೋವರೆಗೂ ಇನ್ನೊಬ್ಬ ಹಿಂದೆ ನಿಂತು ಕಾಯಬೇಕು. ನಾವು ರ‍್ಯಾಂಕಿಂಗ್‌ನಲ್ಲಿ ನಡುವೆ ಎಲ್ಲೋ ಇದ್ವಿ. ಆದ್ರೂ ಕೊನೇ ಸುತ್ತಿಗೆ ಜೊತೆಗಾರರನ್ನ ಆರಿಸೋ ಅಲಯನ್ಸ್ ಸೆಲೆಕ್ಷನ್‌ನಲ್ಲಿ ಎರಡನೇ ಕ್ಯಾಪ್ಟನ್ ನೇರವಾಗಿ ನಮ್ಮ ನಂಬರ್ ಕೂಗಿದ್ರು. ಆಗ ನನ್ನ ಜೊತೆ ಮಾತು ಬಿಟ್ಟಿದ್ದ ಹುಡುಗಿ ನನ್ನ ಕೈ ಹಿಡ್ಕೊಂಡು ಅತ್ತಳು.

ತೊಂದರೆ ಇರಲಿಲ್ಲ ಅಂತಲ್ಲ. ಕ್ಲಿಪ್ ಹಾಕೋದು ಹ್ಯೂಮನ್ ಪ್ಲೇಯರ್, ಅಂಕಣದ ಪಕ್ಕ ನಿಲ್ಲೋ ನಮ್ಮದೇ ತಂಡದವರು. ಅದಕ್ಕಿರೋ ಜಾಗ ಅಬ್ಸರ್ವೇಷನ್ ಝೋನ್. ರೋಬಾಟ್ ಅದರಲ್ಲಿ ಇರುವಾಗ ಅವರು ಕೈ ಹಾಕೋ ಹಾಗಿಲ್ಲ. ನಮ್ಮ ಹುಡುಗ ಆತುರಕ್ಕೆ ಎರಡು ಸಲ ಕೈ ಹಾಕಿ ಪೆನಾಲ್ಟಿ ತಂದ. ಕ್ಲಾದ ಸರ್ವೋ (ಸಣ್ಣ ಮೋಟರ್) ಐದು ಸುಟ್ಟವು. ಗೋಡೆ ಮೇಲಿಂದ ಸ್ಪೆಸಿಮನ್ ಎತ್ತುವಾಗ ಕ್ಲಾ ಗೋಡೆಗೆ ತಗಲಿ ಗೇರ್ ಹಲ್ಲು ಉದುರೋದು, ಪ್ರತಿ ಸಲ ಅದೇ ಹಲ್ಲು. ಆಮೇಲೆ ಕ್ಲಾ ಹಿಂದೆ ಒಂದು ರಬ್ಬರ್ ತುಂಡು ಇಟ್ಟು ಸ್ವಲ್ಪ ಬಾಗೋ ಹಾಗೆ ಮಾಡಿದ ಮೇಲೆ ನಿಂತಿತು. ಕ್ಲಿಪ್ ಚೇಂಬರ್ ಕಂಬಿಗೆ ಕೂತಾಗ 'ಟಕ್' ಅಂತ ಶಬ್ದ ಬರುತ್ತೆ. ನಮ್ಮ ಡ್ರೈವರ್ ಕಡೇಕಡೇಲಿ ನೋಡ್ತಾನೇ ಇರಲಿಲ್ಲ, ಶಬ್ದ ಕೇಳಿ ಕ್ಲಾ ಬಿಡ್ತಿದ್ದ.

ಪ್ರೋಗ್ರಾಮರ್ 17:
0+4 ಮಾಡಿ ಅಂತ ಬರೆಯೋದು ಸುಲಭ. ಕೋಡ್ ಬರೆದವರು ಯಾರು ಅಂತ ಕೇಳಿ.

ನಾನು ಒಬ್ಬನೇ ಪ್ರೋಗ್ರಾಮರ್. ಓಡೊಮೆಟ್ರಿ ಪಾಡ್ (ರೋಬಾಟ್ ಎಲ್ಲಿದೆ ಅಂತ ಅಳೆಯೋ ಬೇರೆ ಚಕ್ರ) ಇಲ್ಲದೆ ಬರೀ ಮೋಟರ್ ಸುತ್ತು ಎಣಿಸೋ ಎನ್ಕೋಡರ್ ಮೇಲೆ ನಂಬಿಕೆ ಇಟ್ಟು ಮೂರು ವಾರ ಕಳೆದೆ. ಮೆಕಾನಂ ಚಕ್ರ ಪಕ್ಕಕ್ಕೆ ಹೋಗುವಾಗ ಜಾರುತ್ತೆ, ಎನ್ಕೋಡರ್‌ಗೆ ಅದು ಗೊತ್ತೇ ಆಗಲ್ಲ. ಮೊದಲ ಸ್ಯಾಂಪಲ್ ಸರಿ, ಎರಡನೇದು ಅಂಚಿಗೆ ಬಡೀತಿತ್ತು, ಮೂರನೇದು ಹೊರಗೆ. ಪಾಡ್ ಹಾಕಿ ರೋಡ್ ರನ್ನರ್ ಅನ್ನೋ ದಾರಿ ಹಾಕಿಕೊಡೋ ಕೋಡ್ ಲೈಬ್ರರಿಗೆ ಬದಲಾಯಿಸಿದ ಮೇಲೆ ಪ್ರಾಕ್ಟೀಸ್‌ನಲ್ಲಿ ಹತ್ತಕ್ಕೆ ಒಂಬತ್ತು ಬಿದ್ದವು. ಟೂರ್ನಮೆಂಟ್ ದಿನ ಮೊದಲ ಮ್ಯಾಚಲ್ಲೇ ತಪ್ಪಿತು. ಕಾರಣ ಬ್ಯಾಟರಿ. ಪ್ರಾಕ್ಟೀಸೆಲ್ಲ ಅರ್ಧ ಇಳಿದ ಬ್ಯಾಟರೀಲಿ ಮಾಡಿದ್ವಿ, ಅವತ್ತು ಪಿಟ್‌ನಲ್ಲಿ (ತಂಡಗಳು ರೋಬಾಟ್ ರಿಪೇರಿ ಮಾಡೋ ಜಾಗ) ಆಗಷ್ಟೇ ಚಾರ್ಜ್ ಆಗಿದ್ದನ್ನ ಹಾಕಿದ್ರು. ಲಿಫ್ಟ್ ನಾನು ಟೈಮರ್ ಲೆಕ್ಕದಲ್ಲಿ ಬಿಡ್ತಿದ್ದೆ. ಹೊಸ ಬ್ಯಾಟರಿಗೆ ಅದು ಬೇಗ ಮೇಲೆ ಹೋಗಿ ಸ್ಟಾಪ್‌ಗೆ ಬಡಿದು ನಡುಗುವಾಗಲೇ ಬಕೆಟ್ ಬಗ್ಗಿತು. ಅಲ್ಲಿಂದ ಟೈಮರ್ ಕಿತ್ತು ಎಲ್ಲ ಕಡೆ ಎನ್ಕೋಡರ್ ಪೊಸಿಷನ್ ನೋಡಿ ಮುಂದೆ ಹೋಗೋ ಹಾಗೆ ಬರೆದೆ. ಈಗ ಯಾವ ಬ್ಯಾಟರಿ ಹಾಕಿದ್ರೂ ಬೀಳುತ್ತೆ.

ಮೊದಲ ವರ್ಷದ ತಂಡಕ್ಕೆ 0+4 ಅಂತ ಆಸೆ ಹುಟ್ಟಿಸಬೇಡಿ. ಒಂದು ಹಾಕಿ ಪಾರ್ಕ್ ಮಾಡಲಿ, ಪ್ರತಿ ಸಲ ಆಗೋ ಹಾಗೆ.

ಲಿಫ್ಟ್ ಕ್ಯಾಪ್ಟನ್:
ಆಸೆ ಹುಟ್ಟಿಸೋದು ತಪ್ಪೇನಪ್ಪ? ನಮ್ಮ ಪ್ರೋಗ್ರಾಮರ್ ಒಂಬತ್ತನೇ ಕ್ಲಾಸ್. ಅವನು ಮಾಡಿದ.

ಪ್ರೋಗ್ರಾಮರ್ 17:
ಅವನು ಮಾಡಿದ್ನಾ, ಪಕ್ಕ ಕೂತ ದೊಡ್ಡವರು ಮಾಡಿದ್ರಾ? ಪಿಟ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಯಾರು ಕೂತಿರ್ತಾರೆ ಅಂತ ನಾನು ಮೂರು ಟೂರ್ನಮೆಂಟಲ್ಲಿ ನೋಡಿದೀನಿ.

ಪಿಟ್ ಅಮ್ಮ:
ಮಗೂ, ಹಾಗೆಲ್ಲ ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡ. ಕೇಳಿದ ಪ್ರಶ್ನೆಗೆ ಬರ್ತೀನಿ. ಲೆವೆಲ್ 3.

ನಮ್ಮ ಮಗಳ ತಂಡ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಬರೀ ಹತ್ತೋ ಕೆಲಸ ಮಾಡಿತು. ಕೆಳಗಿನ ಕಂಬಿ 20 ಇಂಚಿಗೆ, ಮೇಲಿನದು 36 ಇಂಚಿಗೆ. ನೆಲ ಬಿಟ್ಟು ನೇತಾಡಿದ್ರೆ 15, ಮೇಲಿನ ಕಂಬಿಗೆ ಹೋದ್ರೆ 30. ಮೂವತ್ತು ಕೇಳಿ ಮಕ್ಕಳ ಕಣ್ಣು ಅರಳಿತು. ಏಳು ವಾರ, ವಾರಕ್ಕೆ ನಾಲ್ಕು ಸಂಜೆ. ಎರಡು ಸಲ ಕೊಕ್ಕೆ ಬಾಗಿತು, ಒಂದು ಸಲ ಚಾಸಿಯ ಅಡ್ಡಪಟ್ಟಿ ತಿರುಚಿಕೊಂಡಿತು, ಎರಡು ಮೋಟರ್ ವಾಸನೆ ಬಂದು ಸತ್ತವು. ಕಡೆಗೆ ಹತ್ತಿತು. ಹತ್ತಿದ ದಿನ ಶೆಡ್ಡಲ್ಲಿ ಎಲ್ಲರೂ ಕೂಗಾಡಿದ್ರು, ನಾನೂ ಕೂಗಿದೆ.

ಟೂರ್ನಮೆಂಟ್‌ನಲ್ಲೂ ಹತ್ತಿತು. ಬಜರ್ ಆಯ್ತು. ಮೋಟರ್‌ಗೆ ಪವರ್ ಹೋಯ್ತು. ರೋಬಾಟ್ ನಿಧಾನವಾಗಿ, ಬಾವಿಗೆ ಕೊಡ ಇಳಿದ ಹಾಗೆ, ಕೆಳಗೆ ಇಳೀತು. ರೆಫ್ರಿ ಲೆಕ್ಕ ಹಾಕುವಷ್ಟರಲ್ಲಿ ಚಕ್ರ ನೆಲಕ್ಕೆ. ಮೂವತ್ತು ಇಲ್ಲ, ಹದಿನೈದೂ ಇಲ್ಲ. ಶೆಡ್ಡಲ್ಲಿ ನಾವು ಹತ್ತಿದ ಮೇಲೆ ಪವರ್ ಆಫ್ ಮಾಡಿ ಒಂದು ಸಲವೂ ನೋಡಿರಲಿಲ್ಲ. ರ‍್ಯಾಚೆಟ್ ಹಾಕಬೇಕಿತ್ತು, ಇಲ್ಲಾ ವರ್ಮ್ ಗೇರ್; ಎರಡೂ ಹಿಂದಕ್ಕೆ ತಿರುಗೋಕೆ ಬಿಡಲ್ಲ.

ಅಷ್ಟೂ ದಿನ ಸ್ಯಾಂಪಲ್ ಎತ್ತೋ ಕ್ಲಾ ಅರ್ಧಂಬರ್ಧ ಇತ್ತು. ನಾಲ್ಕು ಸ್ಯಾಂಪಲ್ ಹೈ ಬಾಸ್ಕೆಟ್‌ಗೆ ಹಾಕಿದ್ರೆ 32. ಆ ಏಳು ವಾರ ಅದಕ್ಕೆ ಕೊಟ್ಟಿದ್ರೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ನಮ್ಮ ಲೆವೆಲ್ 3 ಹಾಗಾಯ್ತು.

ಮೂರನೇ ಸೀಸನ್ ಅಪ್ಪ:
ಮೇಡಂ, ನಿಮಗೆ ರ‍್ಯಾಚೆಟ್ ಹಾಕೋಕೆ ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಲೆವೆಲ್ 3 ಮಲ್ಲಿಗೆ ಹೂವಾಗಲ್ಲ. ನಮ್ಮವರು ಐದಕ್ಕೆ ಐದೂ ಮ್ಯಾಚ್ ಹತ್ತಿದ್ರು. ಕೊನೇ 20 ಸೆಕೆಂಡಲ್ಲಿ ಮೂವತ್ತು ಪಾಯಿಂಟ್ ಬೇರೆ ಯಾವ ರೀತೀಲಿ ಬರುತ್ತೆ ಹೇಳಿ? ಅಷ್ಟು ಹೊತ್ತಲ್ಲಿ ಒಳ್ಳೆ ಡ್ರೈವರ್‌ಗೂ ಎರಡು, ಹೆಚ್ಚೆಂದರೆ ಮೂರು ಸ್ಯಾಂಪಲ್.

ಪಿಟ್ ಅಮ್ಮ:
ಹೊಳೆಯಲಿಲ್ಲ ಅಂತ ನಾನೇ ಬರೆದಿದ್ದೀನಲ್ಲ ಸರ್. ಕೇಳಿದವರದ್ದು ಮೊದಲ ವರ್ಷ, ಒಂದೇ ಜೊತೆ ಸ್ಲೈಡು. ನಿಮ್ಮದು ಮೂರನೇ ಸೀಸನ್. ನಿಮ್ಮ ರ‍್ಯಾಚೆಟ್ ಯಾರು ಕೂರಿಸಿದ್ದು?

ಮೂರನೇ ಸೀಸನ್ ಅಪ್ಪ:
ನಾನೇ ಕೂರಿಸಿದ್ದು. ಮಕ್ಕಳಿಗೆ ಡ್ರಿಲ್ ಕೊಡೋಕೆ ನನಗೆ ಭಯ. ಅದರಲ್ಲಿ ಮುಚ್ಚಿಡೋದೇನಿದೆ?

ಪ್ರೋಗ್ರಾಮರ್ 17:
ನೋಡಿ. ಇದನ್ನೇ ನಾನು ಹೇಳಿದ್ದು. ಆಮೇಲೆ ಜಡ್ಜ್‌ಗಳ ಮುಂದೆ ನಿಂತು ಮಕ್ಕಳು "ನಾವು ಮಾಡಿದ್ವಿ" ಅಂತಾರೆ. ಜಡ್ಜ್‌ಗಳಿಗೆ ಕೊಡೋ ನಮ್ಮ 15 ಪುಟದ ಪೋರ್ಟ್‌ಫೋಲಿಯೋದಲ್ಲಿ ಮುರಿದ ಪಾರ್ಟ್‌ಗಳ ಫೋಟೋನೇ ನಾಲ್ಕು ಪುಟ. ಎಲ್ಲ ನಾವೇ ಮುರಿದಿದ್ದು, ನಾವೇ ಬರೆದಿದ್ದು. ಆ ಬರವಣಿಗೆಗೆ ಕೊಡೋ ಥಿಂಕ್ ಅವಾರ್ಡ್ ಹೋಗಿದ್ದು ಬಣ್ಣ ಬಣ್ಣದ ಗ್ರಾಫ್ ಹಾಕಿದವರಿಗೆ.

ಹಳೇ ರೆಫ್ರಿ:
ಎಲ್ಲಾರೂ ಒಂದ್ ಚೂರು ಸಮಾಧಾನ ತಗೋರಿ. ನಾ ಎರಡು ಸೀಸನ್ ಅಂಕಣದಾಗ ನಿಂತೀನಿ. ಹೊಸ ತಂಡದವರು ಸೋಲೋದು ಬಾಸ್ಕೆಟ್ ಆರಿಸಿದ್ರು ಅಂತಲ್ಲ, ಚೇಂಬರ್ ಆರಿಸಿದ್ರು ಅಂತಲ್ಲ. ಅಳತಿಗೆ ಸೋಲ್ತಾರ.

ಈ ಆಟದಾಗ ರೋಬಾಟ್ ಅಡ್ಡಡ್ಡ ಚಾಚೋದಕ್ಕ 42 ಇಂಚು ಉದ್ದ, 20 ಇಂಚು ಅಗಲ, ಅಷ್ಟ. ಅಂಕಣದ ನಡುವ ಇರೋ ಸಬ್‌ಮರ್ಸಿಬಲ್ ಅನ್ನೋ ಕಂಬಿಗೂಡಿನ ಒಳಗಿಂದ ಸ್ಯಾಂಪಲ್ ತಗೀಬೇಕಂದ್ರ ಎಲ್ಲಾರಿಗೂ ಉದ್ದಂದು ಕೈ ಬೇಕು. ಒಂದು ತಂಡ ಬಂತು, ಕ್ಲಾ ಮುಚ್ಚಿದಾಗ 41 ಮುಕ್ಕಾಲು, ತೆರೆದಾಗ 42 ಕಾಲು. ಅವರು ಮುಚ್ಚಿದಾಗಷ್ಟ ಅಳದಿದ್ರು. ಇನ್ಸ್‌ಪೆಕ್ಷನ್ ಟೇಬಲ್ ಮ್ಯಾಲೆ ಆ ಹುಡುಗಿ ಕ್ಲಾದ ತುದಿ ಫೈಲ್ ಹಿಡಿದು ತಿಕ್ಕಾಕತ್ತಿದ್ಲು, ಅಲ್ಯೂಮಿನಿಯಂ ಪುಡಿ ಆಕಿ ಟೀ ಶರ್ಟ್ ಮ್ಯಾಲೆಲ್ಲಾ. ಅಷ್ಟರಾಗ ಅವರ ಮೊದಲ ಮ್ಯಾಚು ಆಗಿಹೋತು. ಪಾರ್ಟನರ್ ಒಬ್ಬನ ಆಡಿದ. ಸ್ಲೈಡಿಗೆ ಗಟ್ಟಿ ಸ್ಟಾಪ್ ಹಾಕ್ರಿ. ಸಾಫ್ಟ್‌ವೇರ್ ಲಿಮಿಟ್ ನಂಬಬ್ಯಾಡ್ರಿ.

ಇನ್ನೊಂದು. ಎದುರಿನವರ ಬಣ್ಣದ ಸ್ಯಾಂಪಲ್ ಹಿಡಿದ್ರ ಪೆನಾಲ್ಟಿ. ಹಳದಿ ಯಾರು ಬೇಕಾದ್ರೂ ಹಾಕಬಹುದು, ಆದ್ರ ಹಳದೀದ್ದು ಸ್ಪೆಸಿಮನ್ ಆಗಂಗಿಲ್ಲ. ಸ್ಪೆಸಿಮನ್ ಆರಿಸಿದ್ರ ಬಣ್ಣ ನೋಡೋ ಕಣ್ಣು ಡ್ರೈವರ್‌ಗೆ ಬೇಕಬೇಕು. ಸಬ್‌ಮರ್ಸಿಬಲ್ ಆಚೀಚೆ ಕಂಬಿ ನಡುವ ಆ ದೂರದಿಂದ ಸರಿಯಾಗಿ ಕಾಣಂಗಿಲ್ಲ. ಕಲರ್ ಸೆನ್ಸರ್ ಹಾಕ್ರಿ.

ಮತ್ತ ಹಿರಿಯರಿಗೊಂದು ಮಾತು. ವುಡಿ ಫ್ಲವರ್ಸ್ ಅವರು 'ಗ್ರೇಶಿಯಸ್ ಪ್ರೊಫೆಷನಲಿಸಂ' (ಜಿದ್ದಿಗೆ ಆಡಿದ್ರೂ ಎದುರಿನವರನ್ನ ಗೌರವಿಸೋದು) ಅನ್ನೋ ಮಾತನ್ನ ಈ ಆಟಕ್ಕ ತಂದದ್ದು ಪೋಸ್ಟರ್ ಮ್ಯಾಲೆ ಹಾಕಾಕಲ್ಲ.

ಮೂರನೇ ಸೀಸನ್ ಅಪ್ಪ:
ಅದನ್ನ ನನ್ನ ಕಡೆ ತಿರುಗಿಸಿ ಹೇಳಿದ್ರಿ ಅಂತ ಗೊತ್ತಾಯ್ತು. ಎದುರಾಳಿ ತಂಡಕ್ಕೆ ಬ್ಯಾಟರಿ ಕೊಟ್ಟವರು ನಾವು. ಅವರು ಅದೇ ಬ್ಯಾಟರೀಲಿ ನಮ್ಮನ್ನ ಸೋಲಿಸಿದ್ರು. ಆಮೇಲೂ ಕೈ ಕುಲುಕಿ ಬಂದ್ವಿ. ಡ್ರಿಲ್ ಹಿಡಿದಿದ್ದಕ್ಕೆ ನನಗೆ ಪಾಠ ಬೇಡ.

ಚೇಂಬರ್ ಪಕ್ಷ:
ಅಣ್ಣ, ಡ್ರಿಲ್ ಹಿಡಿಯೋದು ಬೇರೆ, ಡಿಸೈನ್ ಹಿಡಿಯೋದು ಬೇರೆ. ನಮ್ಮ ಮೆಂಟರ್ ನನ್ನ ಪಕ್ಕ ನಿಂತು ತೂತು ಹಾಕೋದು ಕಲಿಸಿದ್ರು. ಮೊದಲ ಆರು ತೂತು ಸೊಟ್ಟ. ಏಳನೇದು ಇವತ್ತಿಗೂ ರೋಬಾಟ್ ಮೇಲಿದೆ.

ಮತ್ತೆ ಇಲ್ಲಿ ಯಾರೂ ಹೇಳದ ವಿಷಯ: ಹೊಸಬರ ಸ್ಲೈಡ್ ಒಂದೇ ಜೊತೆ ಅಂದ್ರೆ ಹೈ ಚೇಂಬರ್ 26 ಇಂಚು ಸಾಕು. 43ಕ್ಕೆ ಹೋಗೋ ದಾರದ ಗೋಳೇ ಇಲ್ಲ.

ಲಿಫ್ಟ್ ಕ್ಯಾಪ್ಟನ್:
ಆದ್ರೆ ಸ್ಪೆಸಿಮನ್‌ಗೆ ಓಡಾಟ ಎಷ್ಟು? ಸಬ್‌ಮರ್ಸಿಬಲ್‌ಗೆ ಹೋಗು, ಸ್ವಂತ ಬಣ್ಣ ಹುಡುಕು, ಝೋನ್‌ಗೆ ತಂದು ಹಾಕು, ಆಚೆ ಬಾ, ಕ್ಲಿಪ್ ಆಗೋವರೆಗೆ ಕಾಯಿ, ಮತ್ತೆ ಒಳಗೆ ಹೋಗಿ ಎತ್ತು, ಆಮೇಲೆ ತೂಗಿಹಾಕು. ಅಷ್ಟು ಹೊತ್ತಿಗೆ ನಾನು ಎರಡು ಬಾಸ್ಕೆಟ್ ಹಾಕಿರ್ತೀನಿ. 16 ದೊಡ್ಡದೋ 10 ದೊಡ್ಡದೋ?

ಚೇಂಬರ್ ಪಕ್ಷ:
ದಾರ ಹರಿಯದಿದ್ರೆ 16.

ಲಿಫ್ಟ್ ಕ್ಯಾಪ್ಟನ್:
ಸ್ಕ್ರೂ ಸರಿ ಮಾಡಿದ ಮೇಲೆ ಒಂದು ಸಲಾನೂ ಹರಿದಿಲ್ಲ. ನಲವತ್ತಕ್ಕೂ ಹೆಚ್ಚು ಪ್ರಾಕ್ಟೀಸ್ ಮ್ಯಾಚ್ ಆಯ್ತು. ಬೇಕಾದ್ರೆ ಬಂದು ನೋಡಿ.

ಹೊಸ ಮೆಂಟರ್:
ಇಷ್ಟು ಜನ ಇಷ್ಟು ಬರೆದಿದ್ದಕ್ಕೆ ಋಣಿ. ಎಲ್ಲವನ್ನೂ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಿಟ್ ಅಮ್ಮ ಅವರ ರೋಬಾಟ್ ಇಳಿದ ಭಾಗಕ್ಕೆ ಬಂದಾಗ ಒಬ್ಬರೂ ಮಾತಾಡಲಿಲ್ಲ. ಲೆವೆಲ್ 3 ಬೇಡ ಅಂತ ಅವರೇ ಹೇಳಿದ್ರು. ಸ್ಲೈಡ್ ಎಷ್ಟೆತ್ತರ ಹೋಗುತ್ತೆ ಅಂತ ನಿನ್ನೆ ಅಳೆದು ನೋಡಿದ್ವಿ: ಕ್ಲಾ ಸೇರಿ 38 ಇಂಚು. ಚೇಂಬರ್‌ಗೆ ಧಾರಾಳ, ಬಾಸ್ಕೆಟ್‌ಗೆ ಐದು ಇಂಚು ಕಡಿಮೆ. ಹಾಗಾಗಿ ಸ್ಪೆಸಿಮನ್. ಬಾಸ್ಕೆಟ್ ಪಕ್ಷದ ಹುಡುಗ ಒಬ್ಬನಿಗೆ ಇನ್ನೂ ಬೇಜಾರಿದೆ, ಅವನನ್ನೇ ಹ್ಯೂಮನ್ ಪ್ಲೇಯರ್ ಮಾಡೋಣ ಅಂತಿದೀವಿ.

ಚೇಂಬರ್ ಪಕ್ಷದವರೇ, ಕ್ಲಾ ಹಿಂದೆ ಇಟ್ಟ ರಬ್ಬರ್ ತುಂಡು ಎಷ್ಟು ದಪ್ಪ?

ಚೇಂಬರ್ ಪಕ್ಷ:
ಸುಮಾರು ಆರು ಮಿಲಿಮೀಟರ್. ಎರಡು ಸ್ಕ್ರೂ ಸಾಕು, ಪೂರ್ತಿ ಬಿಗಿ ಮಾಡಬೇಡಿ. ಬಿಗಿ ಮಾಡಿದ್ರೆ ಬಾಗಲ್ಲ, ಮತ್ತೆ ಅದೇ ಹಲ್ಲು ಹೋಗುತ್ತೆ. ಆ ಹುಡುಗನಿಗೆ ರೋಬಾಟ್ ಆಚೆ ಹೋಗೋವರೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಲ್ಲೋದು ಅಭ್ಯಾಸ ಮಾಡಿಸಿ. ನಮ್ಮವನಿಗೆ ಅದೊಂದೇ ಕೆಲಸಕ್ಕೆ ಬಂದಿದ್ದು.

ಲಿಫ್ಟ್ ಕ್ಯಾಪ್ಟನ್:
ಐದು ಇಂಚು ತಾನೆ? ಒಂದು ಹಂತ ಸ್ಲೈಡ್ ಸೇರಿಸಿದ್ರೆ ಆಯ್ತು. ದಾರ ಹೇಗೆ ಕಟ್ಟಬೇಕು ಅಂತ ನಾನು ಚಿತ್ರ ಬರೆದು ಕಳಿಸ್ತೀನಿ. ಇನ್ನೂ ಐದು ವಾರ ಇದೆ ಸರ್.