ಅಪ್‌ಡೇಟ್: ಗ್ಲೌಸ್‌ನಿಂದ ಜಾರಿದ ಚೆಂಡು ಕ್ಯಾಚ್ ಆಗುತ್ತದೆಯೇ?

ಸಾಫ್ಟ್‌ಬಾಲ್ ಪಂದ್ಯದಲ್ಲಿ ಲೆಫ್ಟ್ ಫೀಲ್ಡರ್ ಓಡಿ ಬಂದು ಹಿಡಿದ ಚೆಂಡು, ಎಸೆಯಲೆಂದು ಗ್ಲೌಸ್‌ನಿಂದ ತೆಗೆಯುವಾಗ ನೆಲಕ್ಕೆ ಬಿದ್ದರೂ ನಮ್ಮ ಬ್ಯಾಟರ್ ಔಟ್ ಎಂದ ಅಂಪೈರ್ ತೀರ್ಪನ್ನು ಪ್ರಶ್ನಿಸಬಹುದೇ ಎಂದು ಕೇಳಿದ್ದೆ. ನಿಯಮಗಳ ಪ್ರಕಾರ, ಚೆಂಡು ಭದ್ರವಾಗಿ ಹಿಡಿತಕ್ಕೆ ಬಂದು, ಆಕೆ ತಾನಾಗಿಯೇ ಅದನ್ನು ಹೊರತೆಗೆಯುತ್ತಿದ್ದಾಗ ಜಾರಿದರೆ ಕ್ಯಾಚ್ ಪೂರ್ಣವಾದಂತೆಯೇ. ಹಿಡಿದೊಡನೆ ಬೇಲಿಗೆ ಡಿಕ್ಕಿ ಹೊಡೆದೋ ನೆಲಕ್ಕೆ ಬಿದ್ದೋ ಕೈಬಿಟ್ಟರೆ ಕ್ಯಾಚ್ ಅಲ್ಲ. ಹಿಡಿತವಿತ್ತೇ ಎಂಬುದು ಅಂಪೈರ್ ಕಣ್ಣಿನ ತೀರ್ಮಾನವಾದ್ದರಿಂದ ಅದರ ಮೇಲೆ ಪ್ರೊಟೆಸ್ಟ್ (ತೀರ್ಪಿನ ವಿರುದ್ಧ ತಂಡದ ಅಧಿಕೃತ ಆಕ್ಷೇಪ) ನಡೆಯುವುದಿಲ್ಲ. ಆದರೆ ಅಂದು ಅವರು ಕೊಟ್ಟ ಕಾರಣ ‘ಗ್ಲೌಸ್‌ಗೆ ತಾಗಿದರೆ ಸಾಕು’ ಎಂಬುದು. ಇದು ನಿಯಮವನ್ನೇ ತಪ್ಪಾಗಿ ಅನ್ವಯಿಸಿದಂತೆ. ಹಾಗಾಗಿ ಮುಂದಿನ ಪಿಚ್‌ಗೆ (ಬ್ಯಾಟರ್‌ನತ್ತ ಚೆಂಡೆಸೆತಕ್ಕೆ) ಮೊದಲು ಪ್ರೊಟೆಸ್ಟ್ ಸಲ್ಲಿಸುವ ಅವಕಾಶವಿತ್ತು (ನಮ್ಮ ಬೆಂಚು ಕೂಗಾಡಿದ್ದೇ ಬಂತು). ಔಟ್ ಸರಿಯಾಗಿಯೇ ಇತ್ತು, ಕಾರಣ ಮಾತ್ರ ತಪ್ಪಾಗಿತ್ತು ಎಂಬುದು ಈಗ ನನ್ನ ಅಭಿಪ್ರಾಯ.